ಬಟ್ಟೆ ಸುಳ್ಳು ಹೇಳಿದ್ದು

ಆ ಬೀದಿಯಲ್ಲಿ ಅವಳನ್ನು ಮಿಷಿನಕ್ಕ ಎಂದೂ ಅವಳ ಗಂಡನನ್ನು ಕತ್ತರಿ ಮಾಸ್ತರು ಎಂದೂ ಕರೆಯುತ್ತಿದ್ದರು. ಇಬ್ಬರಿಗೂ ಹೆತ್ತವರು ಇಟ್ಟ ಹೆಸರಿತ್ತು. ಅದನ್ನು ಹಿಡಿದು ಯಾರಾದರೂ ಕೂಗಿದ್ದರೆ ಅವರೇ ಓಗೊಡುತ್ತಿದ್ದರೋ ಇಲ್ಲವೋ. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಳಗೆ ಬಂದರೆ ಎಡಕ್ಕೆ ಸೊಂಟದೆತ್ತರದ ಕತ್ತರಿಸುವ ಮೇಜು, ಬಲಕ್ಕೆ ಕಿಟಕಿಯ ಬೆಳಕು ಬೀಳುವ ಕಡೆ ಅವಳ ಕಾಲುಮಿಷಿನ್ನು, ಮೂಲೆಯಲ್ಲಿ ಆಳೆತ್ತರದ ಕನ್ನಡಿ. ಹಿಂದಿನ ಎರಡು ಕೋಣೆಗಳಲ್ಲಿ ಸಂಸಾರ. ಮಕ್ಕಳಾಗಿರಲಿಲ್ಲ. ಆ ಮಾತನ್ನು ಇಬ್ಬರೂ ಬಹಳ ಹಿಂದೆಯೇ ಆಡಿ ಮುಗಿಸಿದ್ದರು.

ಮದುವೆಯಾಗಿ ಬಂದ ಹೊಸದರಲ್ಲೇ ಕೆಲಸ ಪಾಲಾಗಿತ್ತು. ಮಾಸ್ತರು ಕತ್ತರಿಸುವುದು, ಅವಳು ಹೊಲಿಯುವುದು. ಇಷ್ಟು ವರ್ಷದಲ್ಲಿ ಅವಳು ಹೊಸ ಬಟ್ಟೆಗೆ ಕತ್ತರಿ ಹಾಕಿದವಳಲ್ಲ, ಅವರು ಸೂಜಿಗೆ ದಾರ ಪೋಣಿಸಿದವರಲ್ಲ. 'ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿ ತಪ್ಪಿದರೆ ಬಿಚ್ಚೋದೆಲ್ಲಿ?' ಎಂದು ಮಾಸ್ತರು ಹೇಳುವುದರಲ್ಲಿ ಸ್ವಲ್ಪ ಜಂಬವಿತ್ತು. ಜಂಬಕ್ಕೆ ಕಾರಣವೂ ಇತ್ತು. ಬಾಗಿಲು ದಾಟಿ ಬಂದವನ ಸೊಂಟ ಎಷ್ಟು, ಯಾವ ಹೆಗಲು ಇಳಿಜಾರು ಎನ್ನುವುದು ಟೇಪು ಹಿಡಿಯುವ ಮೊದಲೇ ಅವರ ಕಣ್ಣಿಗೆ ಗೊತ್ತಾಗುತ್ತಿತ್ತು. ಟೇಪು ಹಿಡಿಯುತ್ತಿದ್ದದ್ದು ಗಿರಾಕಿಯ ಸಮಾಧಾನಕ್ಕೆ.

ಮೂಲೆಮನೆಯ ವಕೀಲರು ವರ್ಷಕ್ಕೊಮ್ಮೆಯಾದರೂ ಪ್ಯಾಂಟು ಹಿಡಿದುಕೊಂಡು ಅದೇ ದೂರು ತರುತ್ತಿದ್ದರು.

'ಏನ್ ಮಾಸ್ತರೇ, ಒಂದು ಸಲ ಒಗೆದಿದ್ದಕ್ಕೇ ಕುಗ್ಗಿಬಿಟ್ಟಿದೆಯಲ್ಲ ಇದು?'

'ಅದು ಕುಗ್ಗಿಲ್ಲ ಸ್ವಾಮಿ. ನೀವು ಹಿಗ್ಗಿದೀರಿ.'

'ಛೇ, ನಾನು ಊಟಾನೇ ಕಮ್ಮಿ ಮಾಡಿದೀನಪ್ಪ.'

'ಬಾಯಿ ಏನಾದ್ರೂ ಹೇಳತ್ತೆ, ವಕೀಲರ ಬಾಯಂತೂ ಕೇಳೋದೇ ಬೇಡ. ಮೈ ಕೂಡ ಸುಳ್ಳು ಹೇಳತ್ತೆ, ಉಸಿರು ಬಿಗಿ ಹಿಡಿದ್ರೆ ಹೊಟ್ಟೆ ಒಳಗೆ ಹೋಗತ್ತೆ ನೋಡಿ. ಬಟ್ಟೆ ಮಾತ್ರ ಸುಳ್ಳು ಹೇಳಲ್ಲ.'

ಮಿಷಿನಕ್ಕ ತಲೆ ಬಗ್ಗಿಸಿಕೊಂಡು ನಗುತ್ತಿದ್ದಳು. ಆ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ. ಮಾಸ್ತರಿಗೆ ಅದು ಬರಿಯ ತಮಾಷೆಯಾಗಿರಲಿಲ್ಲ, ನಂಬಿಕೆಯಾಗಿತ್ತು.

ಕಾಯಿಲೆ ಬಂದದ್ದು ಕಾಲಿನಿಂದ. ಅದಕ್ಕೆ ಮುಂಚೆ ಒಂದು ವಾರ ಜ್ವರ, ಕೆಮ್ಮು ಇತ್ತು. ಊರಿಗೆಲ್ಲ ಇತ್ತು, ಅವರಿಗೂ ಇತ್ತು, ಹೋಯಿತು. ಆಮೇಲೊಂದು ಬೆಳಿಗ್ಗೆ ಮೇಜಿನ ಮುಂದೆ ನಿಂತವರು ಪಾದ ಜುಮ್ಮೆನ್ನುತ್ತದೆ ಎಂದು ನೆಲಕ್ಕೆ ಕುಟ್ಟಿದರು.

'ನಿಂತು ನಿಂತು ಹಾಗಾಗಿರತ್ತೆ, ಸ್ವಲ್ಪ ಕೂತ್ಕೊಳ್ರಿ,' ಎಂದಳು ಅವಳು.

'ಕೂತು ಕತ್ತರಿಸೋಕೆ ಇದೇನು ತರಕಾರೀನಾ?'

ಮಾರನೆಯ ದಿನ ಮೊಣಕಾಲು ಮಡಿಸಿಕೊಂಡಿತು. ಆಸ್ಪತ್ರೆಗೆ ಹೊರಡುವಾಗ ಅವರ ಅಂಗಿಯ ಗುಂಡಿಯನ್ನು ಅವಳೇ ಹಾಕಬೇಕಾಯಿತು. ಅಲ್ಲಿಯ ಮಂಚದ ಮೇಲೆ, ಅವಳು ನೋಡುತ್ತಿದ್ದ ಹಾಗೇ, ಯಾರೋ ಕೋಣೆಯಿಂದ ಕೋಣೆಗೆ ಹೋಗಿ ದೀಪ ಆರಿಸಿಕೊಂಡು ಬಂದ ಹಾಗೆ ಮೊದಲು ಕಾಲು ಹೋಯಿತು, ಆಮೇಲೆ ಕೈ ಹೋಯಿತು, ಮುಖದ ಮೇಲಿನ ನಗು ಹೋಯಿತು. ಉಸಿರೂ ಹೋಗುವುದರೊಳಗೆ ಗಂಟಲಿಗೆ ಕೊಳವೆ ಹಾಕಿ ಯಂತ್ರಕ್ಕೆ ಜೋಡಿಸಿದರು. ಕಣ್ಣು ಮಾತ್ರ ಉಳಿಯಿತು.

ದೊಡ್ಡ ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದರು. 'ನೋಡಿಮ್ಮ, ಕರೆಂಟ್ ತಂತಿ ಮೇಲೆ ಪ್ಲಾಸ್ಟಿಕ್ ಇರತ್ತಲ್ಲ, ನರದ ಮೇಲೂ ಅಂಥದ್ದೊಂದು ಹೊದಿಕೆ ಇರತ್ತೆ. ಜ್ವರದ ಜೊತೆ ಹೊಡೆದಾಡೋಕೆ ಹೋದ ಮೈಯೇ ಗುರಿ ತಪ್ಪಿ ಆ ಹೊದಿಕೆ ಕಿತ್ತುಹಾಕಿದೆ. ಮತ್ತೆ ಬೆಳೆಯತ್ತೆ. ಆದರೆ ಉಗುರು ಬೆಳೆದ ಹಾಗೆ, ನಿಧಾನ.'

'ಎಲ್ಲಾ ಬರತ್ತಾ ಡಾಕ್ಟ್ರೇ?'

'ಉಸಿರು ಬರತ್ತೆ. ಕಾಲೂ ಬರಬಹುದು. ಕೈಬೆರಳಿನ ಬಿಗಿ ಮಾತ್ರ ಈಗಲೇ ಹೇಳೋಕಾಗಲ್ಲ. ಇವರಿಗೆ ಏನು ಕೆಲಸ?'

'ಬಟ್ಟೆ ಕತ್ತರಿಸ್ತಾರೆ.'

ಡಾಕ್ಟರು ಮಾಸ್ತರ ಬಲಗೈಯನ್ನು ಒಂದು ಸಲ ನೋಡಿ, ಮುಂದಿನ ಮಂಚಕ್ಕೆ ಹೋದರು. ಅಂದಿನಿಂದ ಅವಳಿಗೆ ಇದ್ದ ಪ್ರಶ್ನೆ ಅದೊಂದೇ. ಆ ಕೈಗೆ ಮತ್ತೆ ಕತ್ತರಿ ಬರುತ್ತದೋ ಇಲ್ಲವೋ. ಕತ್ತರಿಯಿಲ್ಲದ ಮಾಸ್ತರು ಹೇಗಿರುತ್ತಾರೆ ಎಂದು ಯೋಚಿಸಲು ಹೋದರೆ ಅವಳ ತಲೆ ಅಲ್ಲೇ ನಿಂತುಬಿಡುತ್ತಿತ್ತು.

ಅವಳು ಅಳಲಿಲ್ಲ. ನೋಡಲು ಬಂದವರು ಗಟ್ಟಿಗಿತ್ತಿ ಎಂದು ಹೊಗಳಿ ಹೋದರು. ಗಟ್ಟಿತನ ಏನೂ ಇರಲಿಲ್ಲ. ಬಹಳ ಹೊತ್ತು ಮಡಿಸಿ ಕೂತ ಕಾಲು ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಬೇರೆ ಯಾರದೋ ಕಾಲನ್ನು ಚಿವುಟಿದ ಹಾಗಿರುತ್ತದಲ್ಲ, ಅವಳಿಗೆ ಒಳಗೆಲ್ಲ ಹಾಗಾಗಿತ್ತು. ದೇವರನ್ನು ನೆನೆಯುವ ರೂಢಿ ಅವಳಿಗೆ ಚಿಕ್ಕಂದಿನಿಂದ ಇತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿ 'ದೇವರೇ' ಎನ್ನುವಳು. ಮುಂದಿನ ಮಾತೇ ಬರುತ್ತಿರಲಿಲ್ಲ. ಏನು ಕೇಳಬೇಕೆಂದು ಮರೆತ ಗಿರಾಕಿಯ ಹಾಗೆ ಸುಮ್ಮನೆ ಕೂತಿರುವಳು. ಬಾಗಿಲು ಮುಚ್ಚಿಲ್ಲ ಎನ್ನುವುದಷ್ಟೇ ಗೊತ್ತಾಗುತ್ತಿತ್ತು, ಹಾಗಾಗಿ ಎದ್ದು ಹೋಗುತ್ತಿರಲಿಲ್ಲ.

ಮಂಚದ ಪಕ್ಕ ಕೂತಾಗ ಉಸಿರಿನ ಯಂತ್ರದ ಸದ್ದಿಗೆ ಅವಳ ಪಾದಗಳು ತಮ್ಮಷ್ಟಕ್ಕೆ ಒತ್ತುತ್ತಿದ್ದವು, ಮಿಷಿನ್ನಿನ ಪೆಡಲ್ ಒತ್ತಿದ ಹಾಗೆ. ನಿಲ್ಲಿಸಿದರೆ ಆ ಯಂತ್ರವೂ ನಿಂತೀತು ಎಂದು ಅನ್ನಿಸುತ್ತಿತ್ತು. ಹುಚ್ಚು ಎಂದು ಗೊತ್ತಿದ್ದೂ ಒತ್ತುತ್ತಿದ್ದಳು. ಸಂಜೆ ಮನೆಗೆ ಹೋಗುವಾಗ ಮೀನಖಂಡ ಹಿಡಿದುಕೊಂಡಿರುತ್ತಿತ್ತು.

ಹೀಗೆ ಒಂದು ಚಳಿಗಾಲ ಹೋಯಿತು. ಅಂಗಡಿಯಲ್ಲಿ ಹೊಸ ಬಟ್ಟೆ ತೆಗೆದುಕೊಳ್ಳುವುದು ನಿಂತಿತು. ಜಿಪ್ಪು ಬದಲಿಸುವುದು, ಅಂಚು ಮಡಿಸುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು, ಇಂಥ ರಿಪೇರಿ ಕೆಲಸವನ್ನಷ್ಟೇ ಅವಳು ಮಾಡಿಕೊಂಡು ಹೋದಳು. ಮನೆಗೆ ಮಾಸ್ತರ ಅಕ್ಕ ಬಂದು ನಿಂತರು. ಆಕೆ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದು ಬಿಟ್ಟವರು. ದೊಡ್ಡ ದನಿ, ದೊಡ್ಡ ಕೈ, ಬಾಯಿಗೆ ಬೀಗವಿಲ್ಲ.

ಗಂಟಲಿನ ಕೊಳವೆ ತೆಗೆದ ದಿನ ಮಾಸ್ತರಿಗೆ ಮಾತು ಬಂತು, ಒಣಗಿದ ಎಲೆ ಉಜ್ಜಿದಂಥ ದನಿ. ಅವಳು ಬಾಯಿಯ ಹತ್ತಿರ ಕಿವಿ ಇಟ್ಟಳು.

'ಎಷ್ಟು ಇಳಿದಿದೀನಿ?'

'ಏನೂ ಇಳಿದಿಲ್ಲ ಬಿಡ್ರಿ.'

ಅವರು ಕಣ್ಣು ಮುಚ್ಚಿದರು. 'ಬಟ್ಟೆ ಹಾಕಿದಾಗ ಗೊತ್ತಾಗತ್ತೆ,' ಎಂದರು.

ಆ ಒಂದು ಮಾತಿಗೆ ಅವಳು ಆ ವಾರವೆಲ್ಲ ಹೊಲಿದಳು. ಅವರು ಮಲಗಿದ್ದಾಗ ಹೊದಿಕೆಯ ಕೆಳಗೆ ಕೈ ಹಾಕಿ ಒಂದು ದಾರದಿಂದ ಸೊಂಟ, ತೊಡೆ, ಎದೆ ಅಳೆದು ಗಂಟು ಹಾಕಿಕೊಂಡು ಬಂದಳು. ಮನೆಯಲ್ಲಿ ಅವರ ಅಂಗಿ ಪ್ಯಾಂಟುಗಳನ್ನೆಲ್ಲ ಹರಡಿಕೊಂಡು ಎರಡೂ ಬದಿ ಒಳಗೆ ಮಡಿಸಿ ಹೊಸ ಹೊಲಿಗೆ ಹಾಕಿದಳು. ಹೆಚ್ಚಾದ ಬಟ್ಟೆಯನ್ನು ಕತ್ತರಿಸಲಿಲ್ಲ. ಕತ್ತರಿಸಿದರೆ ಅವರು ಮತ್ತೆ ತುಂಬಿಕೊಳ್ಳುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ.

ಮಾಸ್ತರ ಅಕ್ಕ ಬಾಗಿಲಲ್ಲಿ ನಿಂತು ನೋಡಿದರು. 'ಇದೇನೇ ಮಾಡ್ತಿದೀಯ?'

'ಸ್ವಲ್ಪ ಬಿಗಿ ಮಾಡ್ತಿದೀನಿ ಅತ್ತಿಗೆ. ನೋಡಿದ್ರೆ ನೊಂದ್ಕೋತಾರೆ.'

'ಅವನ ಕಣ್ಣಿಗೆ ಮಣ್ಣೆರಚೋಕೆ ಹೊರಟಿದೀಯ? ಬೀದಿಯವರ ಸೊಂಟವನ್ನೆಲ್ಲ ಕಣ್ಣಲ್ಲೇ ಅಳೆದವನು ಅವನು.'

'ಬೇರೆಯವರ ಸೊಂಟ ಅಳೀತಾರೆ. ತಮ್ಮದನ್ನ ಅಳೆಯಲ್ಲ.'

ಅದು ನಿಜವೇ ಆಯಿತು. ಮನೆಗೆ ಬಂದ ದಿನ ಅಂಗಿ ತೊಡಿಸಿ ಗುಂಡಿ ಹಾಕಿದಾಗ ಮಾಸ್ತರು ಗದ್ದ ಎದೆಗೆ ಒತ್ತಿಕೊಂಡು ಕೆಳಗೆ ನೋಡಿದರು. ಎದೆಯ ಮೇಲೆ ಸುಕ್ಕಿಲ್ಲ. ಸೊಂಟದಲ್ಲಿ ಪಟ್ಟಿ ಸರಿಯಾಗಿ ಕೂತಿದೆ. ತೊಡೆಯ ಮೇಲೆ ಬಟ್ಟೆ ತುಂಬಿದೆ. ಜೀವವಿಲ್ಲದ ಮುಖದಲ್ಲೂ ಏನೋ ಒಂದು ಸಡಿಲವಾದದ್ದು ಅವಳಿಗೆ ಕಂಡಿತು.

'ಮೈ ಇದೆ ಕಣೇ,' ಎಂದರು. 'ತಂತಿ ಒಂದೇ ಕೆಟ್ಟಿರೋದು.'

ಅವರಿಗೆ ಗೊತ್ತಾಗುವ ದಾರಿ ಬೇರೆ ಯಾವುದೂ ಇರಲಿಲ್ಲ. ಚರ್ಮಕ್ಕೆ ಸ್ಪರ್ಶವಿರಲಿಲ್ಲ. ಅಕ್ಕ, ಹೆಂಡತಿ ಇಬ್ಬರೂ ಸೇರಿ ಮೈ ಒರೆಸುವಾಗ ಅವರು ನಾಚಿಕೆಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರು. 'ಲೋ, ಚಿಕ್ಕವನಿದ್ದಾಗ ನಿನ್ನ ಮೈ ತೊಳೆದಿದ್ದು ನಾನೇ ಕಣೋ. ಆಗೇನು ಕಣ್ಣು ಮುಚ್ಚಿದ್ಯಾ?' ಎಂದು ಅಕ್ಕ ರೇಗಿಸಿದರೂ ತೆರೆಯುತ್ತಿರಲಿಲ್ಲ. ಬಟ್ಟೆ ಹಾಕಿ ಮುಗಿದ ಮೇಲೆಯೇ ಕಣ್ಣು ಬಿಡುವುದು. ಕೈ ಒಣಗಿದ್ದು ಮಾತ್ರ ಕಾಣುತ್ತಿತ್ತು. ಅದಕ್ಕೆ, 'ಕೆಲಸವಿಲ್ಲದ ಕೈ ಒಣಗಲೇಬೇಕಲ್ಲ' ಎಂದು ಅವರೇ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ವ್ಯಾಯಾಮ ಮಾಡಿಸಲು ಒಬ್ಬಳು ಬರುತ್ತಿದ್ದಳು. ಮಾಸ್ತರು ಅವಳಿಗೆ ಕಸರತ್ತಮ್ಮ ಎಂದು ಹೆಸರಿಟ್ಟರು. ಗಿಡ್ಡ ಹೆಂಗಸು, ಮೋಟು ಕೂದಲು, ಮುಲಾಜಿಲ್ಲದ ಮಾತು. ಬೇಸಗೆ ಮುಗಿಯುವ ಹೊತ್ತಿಗೆ ಬಲಗೈ ಹೆಬ್ಬೆರಳು ಅಲ್ಲಾಡಿತು. ಆಮೇಲೆ ಮೊಣಕೈ. ಆಮೇಲೆ ಇಬ್ಬರು ಹಿಡಿದರೆ ಮಂಚದ ಅಂಚಿನಲ್ಲಿ ಕೂರುವುದು. ಆ ಹೆಬ್ಬೆರಳನ್ನು ನೋಡಿದ ದಿನ ಮಿಷಿನಕ್ಕ ಒಳಗೆ ಹೋಗಿ ನಿಂತಳು, ಸಂತೋಷ ಬರಲಿ ಎಂದು. ಬರಲಿಲ್ಲ. ಪಾತ್ರೆ ತೊಳೆದಿಟ್ಟು ಬಂದಳು.

ಮಾಸ್ತರಿಗೆ ಆತುರ ಹುಟ್ಟಿತು.

'ನಿಲ್ಲಿಸಿ ನೋಡಿ ಕಸರತ್ತಮ್ಮ. ತೊಡೆ ತುಂಬಿದೆ, ಬಲ ಇದೆ. ಪ್ಯಾಂಟ್ ನೋಡಿ, ಕಾಯಿಲೆಗೆ ಮುಂಚೆ ಹೊಲಿದಿದ್ದು, ಈಗಲೂ ಹಿಡಿದು ಕೂತಿದೆ.'

'ಪ್ಯಾಂಟ್ ನಿಂತ್ಕೊಳ್ಳತ್ತೇನ್ರಿ? ಕಾಲು ನಿಂತ್ಕೋಬೇಕು.'

'ನಿಮಗೆ ಗೊತ್ತಿಲ್ಲ ಬಿಡಿ, ಬಟ್ಟೆ ಸುಳ್ಳು ಹೇಳಲ್ಲ.'

ಕಸರತ್ತಮ್ಮ ಮಿಷಿನಕ್ಕನ ಕಡೆ ತಿರುಗಿದಳು. 'ನಿಜಾನಾ? ಇವರು ಏನೂ ಇಳಿದೇ ಇಲ್ವಾ?'

'ಪ್ಯಾಂಟ್ ಹಳೇದೇ,' ಎಂದಳು ಮಿಷಿನಕ್ಕ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಅತ್ತಿಗೆ ಕೆಮ್ಮಿದರು. 'ಏನೇ ಆಗಲಿ, ಇಬ್ಬರು ಹಿಡಿಯದೆ ಏಳೋ ಹಾಗಿಲ್ಲ,' ಎಂದು ಕಟ್ಟಪ್ಪಣೆ ಮಾಡಿ ಕಸರತ್ತಮ್ಮ ಹೋದಳು.

ಅದಾಗಿ ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಅತ್ತಿಗೆ ತರಕಾರಿಗೆ ಹೋಗಿದ್ದರು. ಮಿಷಿನಕ್ಕ ಅಂಗಡಿಯಲ್ಲಿ ಯಾರದೋ ಜಾಕೆಟ್ಟಿಗೆ ಜಿಪ್ಪು ಕೂರಿಸುತ್ತಿದ್ದಳು. ಹಿಂದಿನ ಕೋಣೆಯಲ್ಲಿ ಏನೋ ದೊಪ್ಪೆಂದಿತು. ಅವಳಿಗೆ ಕೇಳಿಸಿತು. ಏನೆಂದೂ ಗೊತ್ತಾಯಿತು. ಆದರೆ ಸೂಜಿಯ ಕೆಳಗಿದ್ದ ಹೊಲಿಗೆಯನ್ನು ಅಂಚಿನವರೆಗೂ ಹೊಲಿದು ಮುಗಿಸಿ, ದಾರ ತುಂಡರಿಸಿ, ಆಮೇಲೆ ಎದ್ದಳು. ಹಾಗೇಕೆ ಮಾಡಿದೆ ಎನ್ನುವುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಕಾಲು ತನ್ನ ಪಾಡಿಗೆ ಒತ್ತುತ್ತಿತ್ತು, ಅಷ್ಟೆ.

ಮಾಸ್ತರು ಮಂಚದ ಪಕ್ಕ ಬಲಗೈ ಕೆಳಗೆ ಮಾಡಿಕೊಂಡು ಬಿದ್ದಿದ್ದರು. ನೋವಿಗಿಂತ ಆಶ್ಚರ್ಯ ಮುಖದ ತುಂಬ.

'ತೊಡೆ ನಿಲ್ಲಲಿಲ್ಲ ಕಣೇ,' ಎಂದರು. 'ಇದೆ ಅಂದ್ಕೊಂಡೆ. ಇರಲೇ ಇಲ್ಲ.'

ಆಸ್ಪತ್ರೆಯಲ್ಲಿ ಬಲ ಮಣಿಕಟ್ಟಿನ ಮೂಳೆ ಮುರಿದದ್ದು ಗೊತ್ತಾಗಿ ಕಟ್ಟು ಹಾಕಿದರು. ಮೊಣಕಾಲೂ ಊದಿತ್ತು. ಅದನ್ನು ನೋಡಲು ಅಲ್ಲಿಯ ಆಳೊಬ್ಬ ಕತ್ತರಿ ತಂದು ಪ್ಯಾಂಟನ್ನು ಬದಿಯ ಹೊಲಿಗೆಗುಂಟ ಕತ್ತರಿಸತೊಡಗಿದ. ಕತ್ತರಿ ಸಿಕ್ಕಿಕೊಂಡಿತು. ಅವನು ಇನ್ನೊಂದು ಸಲ ಬಲ ಹಾಕಿದ.

'ಇದೇನಕ್ಕ, ಪ್ಯಾಂಟಿನ ಒಳಗೆ ಇನ್ನೊಂದು ಪ್ಯಾಂಟ್ ಇದೆಯಲ್ಲ!' ಎಂದು ನಕ್ಕ. ಮಡಿಸಿ ಹೊಲಿದಿದ್ದ ಬಟ್ಟೆ ಬಿಚ್ಚಿಕೊಂಡು ಮಂಚದ ಬದಿಗೆ ಜೋತುಬಿತ್ತು.

ಮಾಸ್ತರು ದಿಂಬಿನಿಂದ ತಲೆ ಎತ್ತಿ ನೋಡಿದರು. ಆ ಬಟ್ಟೆಯ ಅಗಲ ನೋಡಿದರು, ಆಮೇಲೆ ಅದರಿಂದ ಹೊರಬಂದ ಕಾಲು ನೋಡಿದರು. ಅವರ ಕಣ್ಣು ಅಳೆಯುತ್ತಿದ್ದದ್ದು ಅವಳಿಗೆ ತಿಳಿಯಿತು; ಎಷ್ಟೋ ಸಾವಿರ ಜನರನ್ನು ಅಳೆದ ಕಣ್ಣು. ಅಳೆದು ಮುಗಿದ ಮೇಲೆ ಅವಳ ಮುಖಕ್ಕೆ ಬಂತು. ಬೈಗುಳ ಬರಲಿ ಎಂದು ಅವಳು ಕಾದಳು. ಅವರು ತಲೆಯನ್ನು ದಿಂಬಿಗೆ ಇಳಿಸಿ ಸೂರು ನೋಡತೊಡಗಿದರು.

ಮನೆಗೆ ಬಂದ ಮೇಲೂ ಬೈಯಲಿಲ್ಲ. ಅವಳು ಅಂಗಿ ತಂದರೆ, 'ಚಾದರ ಸಾಕು,' ಎಂದರು.

'ಯಾಕ್ರಿ?'

'ಅದಕ್ಕೆ ಹೊಲಿಗೆ ಇಲ್ಲ.'

ಅದರ ಮೇಲೆ ಮಾತು ನಿಂತಿತು. ಊಟ ಕೊಟ್ಟರೆ ಉಣ್ಣುವರು, ಹೊರಳಿಸಿದರೆ ಹೊರಳುವರು. ವ್ಯಾಯಾಮಕ್ಕೆ ಎಡಗೈ ಹಿಡಿದರೆ ಕೈ ಕೊಟ್ಟು ಸುಮ್ಮನಿರುವರು, ಅದು ತಮ್ಮದಲ್ಲ ಎನ್ನುವ ಹಾಗೆ. ಕಸರತ್ತಮ್ಮ ಮಿಷಿನಕ್ಕನನ್ನು ಅಂಗಡಿಗೆ ಕರೆದು ಕಡ್ಡಿ ಮುರಿದ ಹಾಗೆ ಹೇಳಿದಳು: 'ಮೂಳೆ ಕೂಡಿಕೊಳ್ಳತ್ತೆ. ಆದರೆ ಇವರು ಹೀಗೇ ಮಲಗಿದ್ರೆ ಕೀಲು ಬಿಗಿದು, ಬಂದಿದ್ದೂ ವಾಪಸ್ ಹೋಗತ್ತೆ. ಕೈಯಂತೂ ಮರೆತುಬಿಡಿ. ನಂಬಿಕೆ ಇಲ್ಲದವರನ್ನ ನಾನು ಎತ್ತಿ ನಿಲ್ಲಿಸೋಕಾಗಲ್ಲ.'

ಅವಳು ಹೋದ ಮೇಲೆ ಅತ್ತಿಗೆಯ ಬಾಯಿ ಬಿಚ್ಚಿತು. 'ಮೊದಲೇ ಬಡ್ಕೊಂಡೆ. ಒಳ್ಳೇದು ಮಾಡೋಕೆ ಹೋಗಿ ಹೊಂಡ ತೋಡಿದ ಹಾಗಾಯ್ತು. ಹೋಗಿ ಕಾಲು ಹಿಡ್ಕೊಂಡು ತಪ್ಪಾಯ್ತು ಅನ್ನು. ಅಳು. ಒಂದು ಸಲವಾದರೂ ಅಳೇ ತಾಯಿ, ನಿನ್ನ ನೋಡಿದ್ರೆ ನನಗೇ ಭಯ ಆಗತ್ತೆ.'

'ಬರ್ತಿಲ್ಲ ಅತ್ತಿಗೆ.'

'ಏನು ಬರ್ತಿಲ್ಲ?'

'ಅಳು.'

ಅತ್ತಿಗೆ ಅವಳ ಮುಖ ನೋಡಿ, ಒಳಗೆ ಹೋಗಿ ಒಲೆ ಹಚ್ಚಿದರು.

ಅವಳಿಗೆ ತಿಳಿದಿದ್ದದ್ದು ಹೊಲಿಗೆ ಒಂದೇ. ಮರುದಿನ ಮಾಸ್ತರ ಬಟ್ಟೆಗಳನ್ನೆಲ್ಲ ತೋಳು ತುಂಬ ತಂದು ಅವರ ಮಂಚದ ಪಕ್ಕ ನೆಲದ ಮೇಲೆ ಹಾಕಿಕೊಂಡು ಕೂತಳು. ಕೈಯಲ್ಲಿ ಒಂದು ಬ್ಲೇಡು. ತಾನು ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಅವರ ಕಡೆ ನೋಡಲಿಲ್ಲ, ಅವರೂ ಸೂರಿನಿಂದ ಕಣ್ಣು ತೆಗೆಯಲಿಲ್ಲ. ಮೊದಲ ದಿನ ಒಂದು ಅಂಗಿ. ಆಮೇಲೆ ದಿನವೂ ಕೆಲಸವಾದ ಮೇಲೆ ಬಂದು ಕೂತು ಬಿಚ್ಚುವಳು. ಹಾಕುವಾಗ ಭದ್ರವಾಗಿರಲೆಂದು ಒತ್ತೊತ್ತಾಗಿ ಹಾಕಿದ್ದಳು. ಬಿಚ್ಚುವುದು ಮೈಲಿಗಟ್ಟಲೆ ಅನ್ನಿಸುತ್ತಿತ್ತು. ದಾರದ ಚೂರುಗಳು ಸೀರೆಗೆ, ನೆಲಕ್ಕೆ, ಅವರ ಚಾದರಕ್ಕೆ ಅಂಟಿಕೊಂಡವು. ಕೈ ಬಿಚ್ಚುತ್ತಿರುವಾಗ ಬಾಯಿ 'ದೇವರೇ' ಎನ್ನುವುದು. ಮುಂದಿನ ಮಾತು ಈಗಲೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲವೇನೋ.

ಹೀಗೆ ಬಿಚ್ಚುತ್ತಿದ್ದ ಒಂದು ದಿನ ಮೇಲಿನಿಂದ ದನಿ ಬಂತು.

'ಎಳೀಬೇಡ. ಬಟ್ಟೆ ಹರಿಯತ್ತೆ.'

ಅವಳು ಕೈ ನಿಲ್ಲಿಸಿದಳು.

'ಅಲ್ಲೊಂದು ಇಲ್ಲೊಂದು ಎಳೆ ಕುಯ್ದು, ಆ ಕಡೆಯಿಂದ ಬಿಡಿಸು. ಇಷ್ಟು ವರ್ಷ ಹೊಲಿದಿದೀಯ, ಬಿಚ್ಚೋಕೆ ಬರಲ್ಲ.'

'ನಾನು ಹೊಲಿದಿದ್ದನ್ನ ಬಿಚ್ಚೋ ಪ್ರಸಂಗ ಯಾವಾಗ ಬಂದಿತ್ತು?' ಎಂದಳು. ಬಾಯಿಂದ ತಾನಾಗಿ ಬಂದುಬಿಟ್ಟಿತು. ಆಮೇಲೆ ಮೆಲ್ಲಗೆ, 'ಈಗ ಬಂತು,' ಎಂದಳು.

ಮಾಸ್ತರು ಚಾದರಕ್ಕೆ ಅಂಟಿದ ದಾರದ ಚೂರುಗಳನ್ನು ನೋಡಿದರು.

'ನಾನು ವಕೀಲರಿಗೆ ಹೇಳ್ತಿದ್ದೆನಲ್ಲ,' ಎಂದರು ಕೊನೆಗೆ. 'ನನ್ನ ಮಾತು ನನಗೇ ತಂದು ಹೊಲಿದೆ ನೀನು.'

'ಹೌದು.'

'ಇನ್ನೊಂದು ಸಲ ಮಾಡ್ಬೇಡ.'

'ಇಲ್ಲ.'

ಅಷ್ಟೇ ಆದದ್ದು. ಅವರು ಅವಳ ತಲೆ ಸವರಲಿಲ್ಲ, ಅವಳು ಕಾಲು ಹಿಡಿಯಲಿಲ್ಲ. ಕಸರತ್ತಮ್ಮ ಬಂದಾಗ ಮಾತ್ರ, ಹಿಡಿದ ಕೈಯನ್ನು ಮಾಸ್ತರು ತಮ್ಮ ಕಡೆಯಿಂದಲೂ ಸ್ವಲ್ಪ ಎತ್ತಿಕೊಟ್ಟರು. ಕಸರತ್ತಮ್ಮ ಏನೂ ಗಮನಿಸದವಳ ಹಾಗೆ, 'ಹೂಂ, ಇನ್ನೊಂದು ಸಲ,' ಎಂದಳು.

ಬಟ್ಟೆಗಳೆಲ್ಲ ಹಳೆಯ ಅಳತೆಗೆ ಬಂದವು. ಮಾಸ್ತರು ಅವನ್ನೇ ತೊಡಿಸು ಎಂದರು. ಅಂಗಿಯೊಳಗೆ ಇನ್ನೊಬ್ಬರಿಗೆ ಜಾಗವಿತ್ತು. ಪ್ಯಾಂಟನ್ನು ಹಗ್ಗದಿಂದ ಕಟ್ಟಬೇಕಾಯಿತು. ಈಗ ಮೈ ಒರೆಸುವಾಗ ಅವರು ಕಣ್ಣು ಮುಚ್ಚುತ್ತಿರಲಿಲ್ಲ; ತಮ್ಮ ಕಾಲನ್ನು ಗಿರಾಕಿಯ ಕಾಲಿನಂತೆ ನೋಡುತ್ತಿದ್ದರು. ಮತ್ತೆ ಚಳಿ ಬಂತು, ಹೋಯಿತು. ಕಸರತ್ತಮ್ಮ ಸೊಂಟಕ್ಕೆ ಬೆಲ್ಟು ಕಟ್ಟಿ ಹಿಂದಿನಿಂದ ಹಿಡಿದರೆ, ಎರಡು ಬದಿ ಇಬ್ಬರು ಹೆಂಗಸರು ಆತುಕೊಂಡರೆ, ಅವರು ನಿಂತರು. ನಿಂತವರು ಅಂಗಡಿಗೆ ಕರೆದುಕೊಂಡು ಹೋಗಿ ಎಂದರು. ಹಿಂದಿನ ಕೋಣೆಯಿಂದ ಮುಂದಿನ ಕೋಣೆಗೆ ಬರುವಷ್ಟರಲ್ಲಿ ನಾಲ್ವರೂ ಬೆವತಿದ್ದರು. ಕನ್ನಡಿಯ ಮುಂದೆ ನಿಲ್ಲಿಸಿದರು.

ಮಾಸ್ತರು ನೋಡಿದರು, ಅಂಗಿಯ ತೋಳಿನಿಂದ ಪ್ಯಾಂಟಿನ ಕಾಲಿನವರೆಗೆ.

'ಯಾರಪ್ಪಾ ಈ ಗಿರಾಕಿ?' ಎಂದರು. 'ಈ ಹಂಚಿಕಡ್ಡಿಗೆ ಇಷ್ಟು ದೊಡ್ಡ ಬಟ್ಟೆ ಹೊಲಿದುಕೊಟ್ಟ ಪುಣ್ಯಾತ್ಮ ಯಾರು?'

'ನೀನೇ ಕಣೋ ದಡ್ಡ,' ಎಂದರು ಅಕ್ಕ. ನಗಲು ಹೋಗಿ ದನಿ ಒಡೆದು, ಸೆರಗಿನಿಂದ ಮೂಗು ಒರೆಸಿಕೊಂಡರು. ಮಿಷಿನಕ್ಕ ಮಾಸ್ತರ ತೋಳಿನ ಕೆಳಗೆ ಹೆಗಲು ಕೊಟ್ಟು ನಿಂತಿದ್ದಳು. ಕನ್ನಡಿಯಲ್ಲಿ ತನ್ನನ್ನೂ ಕಂಡಳು. ತಾನೂ ಇಳಿದಿದ್ದಳು. ಅದನ್ನು ಯಾರೂ ಅಳೆದಿರಲಿಲ್ಲ.

ಮೂಳೆ ಕೂಡಿ ಕಟ್ಟು ಬಿಚ್ಚಿ ಬಹಳ ತಿಂಗಳಾಗಿತ್ತು. ಬೆರಳುಗಳು ಲೋಟ ಹಿಡಿದವು, ಚಮಚ ಹಿಡಿದವು. ಕತ್ತರಿಯ ಮಾತನ್ನು ಯಾರೂ ಎತ್ತಿರಲಿಲ್ಲ. ಒಂದು ಬೆಳಿಗ್ಗೆ ಮಾಸ್ತರೇ ಎತ್ತಿದರು. ಈಗ ಅವರು ಅಂಗಡಿಯಲ್ಲೇ ಕೈಯಿರುವ ಕುರ್ಚಿಯಲ್ಲಿ ಕೂರುತ್ತಿದ್ದರು.

'ಕತ್ತರಿ ಕೊಡು.'

ಅವಳು ಗೂಟದಿಂದ ತೆಗೆದು ಒರೆಸಿ ಕೊಟ್ಟಳು. ಒಂದು ಚಿಂದಿಯನ್ನು ಬಿಗಿಯಾಗಿ ಎರಡು ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಹೆಬ್ಬೆರಳು ಹಿಡಿಯ ಒಂದು ಬಳೆಗೆ ಹೋಯಿತು, ಉಳಿದ ಬೆರಳು ಇನ್ನೊಂದಕ್ಕೆ ಹೋದವು. ಅಲಗುಗಳು ತೆರೆದವು. ಬಟ್ಟೆ ನಡುವೆ ಬಂತು. ಮಾಸ್ತರು ಒತ್ತಿದರು. ಅಲಗು ಮುಚ್ಚಲಿಲ್ಲ. ಇನ್ನೊಂದು ಸಲ ಒತ್ತಿದರು. ಕತ್ತಿನ ನರ ಎದ್ದು ನಿಂತಿತು. ಬಟ್ಟೆ ಅಲಗಿನ ನಡುವೆ ಮಡಿಸಿಕೊಂಡು ಜಾರಿತು.

ಅವಳಿಗೆ 'ಇನ್ನೂ ಸ್ವಲ್ಪ ದಿನ ಹೋಗಲಿ, ಬರತ್ತೆ' ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಅಲ್ಲೇ ಹಿಡಿದಳು. ಚಿಂದಿಯನ್ನು ಹಿಡಿದುಕೊಂಡೇ ನಿಂತಳು.

ಮಾಸ್ತರು ಬೆರಳುಗಳನ್ನು ಒಂದೊಂದಾಗಿ ಬಳೆಯಿಂದ ಹೊರತೆಗೆದರು. ಕತ್ತರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೀದಿಯ ಕಡೆ ನೋಡುತ್ತ ಕೂತರು. ಹಾಲಿನವನು ಹೋದ. ಪೇಪರಿನವನು ಹೋದ. ಎದುರಿನ ಬಾಗಿಲು ಗುಡಿಸುತ್ತಿದ್ದ ಹೆಂಗಸು ಕೈ ಎತ್ತಿ ಮಾತಾಡಿಸಿದಳು, ಅವರೂ ತಲೆ ಅಲ್ಲಾಡಿಸಿದರು.

'ಮೇಲಿನ ಹಲಗೆಯಲ್ಲಿ ಬೂದು ಬಟ್ಟೆ ಇದೆಯಲ್ಲ, ತೆಗಿ,' ಎಂದರು. 'ಆಮೇಲೆ ಟೇಪು ತಗೊಂಡು ನನ್ನ ಅಳತೆ ತಗೋ. ಎಷ್ಟಿದೆಯೋ ಅಷ್ಟನ್ನ ಗಟ್ಟಿಯಾಗಿ ಹೇಳು.'

ಅವಳು ಅಳೆದಳು. ಸೊಂಟ ಹೇಳಿದಳು, ತೊಡೆ ಹೇಳಿದಳು, ಮಂಡಿ ಹೇಳಿದಳು. ಒಂದನ್ನೂ ಕೂಡಿಸಲಿಲ್ಲ, ಕಳೆಯಲಿಲ್ಲ. ಒಂದೊಂದು ಅಂಕಿಗೂ ಅವರು 'ಹೂಂ' ಎಂದರು. ಮೇಜು ಎತ್ತರವಾಯಿತೆಂದು ಊಟದ ಹಲಗೆಯನ್ನು ಕುರ್ಚಿಯ ಕೈಗಳ ಮೇಲೆ ಅಡ್ಡ ಇಟ್ಟು ಬಟ್ಟೆ ಹರಡಿದಳು. ಸೀಮೆಸುಣ್ಣದ ಬಿಲ್ಲೆ ಕೊಟ್ಟಳು. ಅದನ್ನು ಹಿಡಿಯುವಷ್ಟು ಬಿಗಿ ಬೆರಳಿಗೆ ಇತ್ತು.

ಗೆರೆ ಹೊರಟಿತು. ಹಿಂದೆ ಒಂದೇ ಉಸಿರಿಗೆ ಸೊಂಟದಿಂದ ಕಾಲಿನ ಅಂಚಿಗೆ ಹೋಗುತ್ತಿದ್ದ ಗೆರೆ. ಈಗ ನಿಂತು, ನಡುಗಿ, ಒಂದು ಕಡೆ ಒಳಗೆ ಸರಿದು, ಮತ್ತೆ ಹೊರಗೆ ಬಂದು, ಇರುವೆ ಹೋದ ದಾರಿಯ ಹಾಗೆ ಸಾಗಿತು. ಅವಳು ಬಟ್ಟೆಯನ್ನು ಅವರ ಕೈಗೆ ತಕ್ಕಂತೆ ಸರಿಸುತ್ತ ಹೋದಳು. ಮುಗಿಯುವ ಹೊತ್ತಿಗೆ ಅವರ ಹಣೆ ಒದ್ದೆಯಾಗಿತ್ತು.

'ಕತ್ತರಿಸು.'

'ನಾನಾ?'

'ಮತ್ತೆ ಅಕ್ಕನ್ನ ಕರೀಲಾ? ಅವಳು ಬಟ್ಟೆ ಜೊತೆ ನನ್ನ ಕಾಲೂ ಕತ್ತರಿಸ್ತಾಳೆ.'

ಒಳಗಿನಿಂದ, 'ಕೇಳಿಸ್ತೋ ನನಗೆ!' ಎಂದು ಅಕ್ಕನ ದನಿ ಬಂತು.

ಮಿಷಿನಕ್ಕ ಕತ್ತರಿ ಎತ್ತಿಕೊಂಡಳು. ಇಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ. ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಗೆರೆಯನ್ನು ನೋಡಿದಳು.

'ಇಲ್ಲಿ ಸ್ವಲ್ಪ ಒಳಗೆ ಬಂದಿದೆ ರೀ. ಸರಿ ಮಾಡಿಕೊಂಡು ಕತ್ತರಿಸಲಾ?'

'ಬೇಡ. ಗೆರೆ ಎಲ್ಲಿದೆಯೋ ಅಲ್ಲೇ.'

'ಸೊಟ್ಟ ಆಗತ್ತೆ.'

'ಆಗಲಿ. ನಾನೇ ತಾನೇ ಹಾಕ್ಕೊಳ್ಳೋದು. ನನ್ನ ಕೈ ಈಗ ಎಲ್ಲಿದೆ ಅಂತ ನನಗೆ ಗೊತ್ತಿರಲಿ.'

ಅವಳು ಗೆರೆಯ ಮೊದಲಿಗೆ ಅಲಗು ಇಟ್ಟು ಒತ್ತಿದಳು. ಕರ್ ಎಂದು ಸದ್ದಾಯಿತು. ಗೆರೆ ಒಳಗೆ ಸರಿದಲ್ಲಿ ಅವಳೂ ಒಳಗೆ ಸರಿದಳು, ನಡುಗಿದಲ್ಲಿ ನಿಧಾನ ಮಾಡಿದಳು. ತೊಡೆಯ ಹತ್ತಿರ ಬರುವಷ್ಟರಲ್ಲಿ ಕತ್ತರಿಯ ಬಳೆ ಹೆಬ್ಬೆರಳಿನ ಬುಡವನ್ನು ಒತ್ತಿ ಒತ್ತಿ ಚರ್ಮ ಸುಲಿಯಿತು. ಚುರುಕ್ಕೆಂದಿತು. ಆ ನೋವು ಎಲ್ಲಿಂದಲೋ ಅಲ್ಲ, ತನ್ನ ಕೈಯಿಂದಲೇ ಬರುತ್ತಿದೆ ಎನ್ನುವುದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

'ನೋಯ್ತಿದೆ ರೀ,' ಎಂದಳು. ದನಿ ಅವಳಿಗೇ ಹೊಸದಾಗಿ ಕೇಳಿಸಿತು.

'ಮೊದಮೊದಲು ನೋಯತ್ತೆ,' ಎಂದರು ಮಾಸ್ತರು. 'ನಿಲ್ಲಿಸ್ಬೇಡ. ನಡುವೆ ನಿಲ್ಲಿಸಿದ್ರೆ ಅಂಚಿಗೆ ಹಲ್ಲು ಬರತ್ತೆ.'

ಅವಳು ನಿಲ್ಲಿಸಲಿಲ್ಲ. ಕಣ್ಣು ಮಂಜಾಗಿ ಗೆರೆ ಎರಡಾಗಿ ಕಾಣತೊಡಗಿತು. ತೋಳಿಗೆ ಮುಖ ಒರೆಸಿಕೊಂಡು, ಅಲಗನ್ನು ಗೆರೆಯ ಮೇಲೆ ಇಟ್ಟು, ಕಾಲಿನ ಅಂಚಿನವರೆಗೂ ಹೋದಳು.